ಹೆಂಡತಿ ತೀರಿಕೊಂಡ ಬೆಳಗ್ಗೆ ಸೆಕೆಯ ಮಾತು

ಪತ್ರ: “ನಿಮ್ಮ ಪತ್ರಿಕೆ ಹೊಗಳಿದೆ ಅಂತ ಜಪಾನಿನ ‘ಟೋಕಿಯೋ ಸ್ಟೋರಿ’ ಸಿನಿಮಾವನ್ನು ಮಗಳ ಲ್ಯಾಪ್‌ಟಾಪಿನಲ್ಲಿ ಎರಡು ದಿನ ಕೂತು ನೋಡಿದೆ. ಹೆಂಡತಿ ಸತ್ತ ಬೆಳಗ್ಗೆ ಆ ಮುದುಕ ಹೊರಗೆ ನಿಂತು ‘ಇವತ್ತೂ ಸೆಕೆ’ ಅನ್ನುತ್ತಾನೆ. ಇದೇನು ಮನುಷ್ಯರಿರುವ ಮನೆಯಾ? ಯಾರೂ ಅಳುವುದಿಲ್ಲ, ಯಾರೂ ಎದೆ ಬಡಿದುಕೊಳ್ಳುವುದಿಲ್ಲ. ನಮ್ಮ ಸಿನಿಮಾದಲ್ಲಿ ತಾಯಿ ಸತ್ತರೆ ಇಡೀ ಥಿಯೇಟರ್ ಅಳುತ್ತಿತ್ತು. ಭಾವನೆ ಇಲ್ಲದ್ದನ್ನೇ ಕಲೆ ಅಂತ ನಮ್ಮ ಮೇಲೆ ಯಾಕೆ ಹೇರುತ್ತೀರಿ?” - ಒಬ್ಬ ನಿವೃತ್ತ ಮೇಷ್ಟ್ರು, ತಿಪಟೂರು

ಉತ್ತರ: ಮೇಷ್ಟ್ರೇ, ನಮಸ್ಕಾರ. ಇಷ್ಟು ಬಿಸಿಯಾದ ಪತ್ರ ಬಂದು ಬಹಳ ದಿನವಾಗಿತ್ತು. ಸಿನಿಮಾ ಹಿಡಿಸದಿದ್ದರೆ ಅರ್ಧಕ್ಕೇ ಎದ್ದು ಹೋಗುವವರೇ ಜಾಸ್ತಿ. ನೀವು ಪೂರ್ತಿ ನೋಡಿದ್ದೀರಿ, ನೋಡಿ ಜಗಳಕ್ಕೆ ಬಂದಿದ್ದೀರಿ. ಉತ್ತರ ಉದ್ದವಾದರೆ ಬೇಸರ ಮಾಡಿಕೊಳ್ಳಬೇಡಿ.

ನಿಮ್ಮ ಮಾತಿನಲ್ಲಿ ಒಪ್ಪುವಂಥದ್ದು ಇದೆ. ಬಾಯಿಬಿಟ್ಟು ಅಳುವುದು ಕೀಳು ಅಂತ ನಾನು ಎಂದೂ ಹೇಳಲಾರೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೆಂಗಸರು ಹೆಣದ ಮುಂದೆ ಕೂತು ಹಾಡಿಕೊಂಡು ಅಳುವುದನ್ನು ಕೇಳಿದವರಿಗೆ ಗೊತ್ತು. ಸತ್ತವರ ಗುಣ, ಮಾಡಿದ ಉಪಕಾರ, ಪಟ್ಟ ಕಷ್ಟ ಎಲ್ಲ ಆ ಅಳುವಿನಲ್ಲಿ ಬಂದುಬಿಡುತ್ತದೆ. ತೆರೆಯ ಮೇಲೂ ಅದಕ್ಕೆ ಜಾಗ ಇದೆ. ಆದರೆ ಅದರ ಪರವಾಗಿ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ಸುಮ್ಮನಿರುವವರ ಪರ ನಿಲ್ಲುತ್ತೇನೆ.

ಮೊದಲಿಗೆ ಒಂದು ತಕರಾರು. ಆ ಸಿನಿಮಾದಲ್ಲಿ ಯಾರೂ ಅಳುವುದಿಲ್ಲ ಅಂದಿರಲ್ಲ, ಅದು ಸರಿಯಲ್ಲ. ತಾಯಿಯ ಹಾಸಿಗೆ ಪಕ್ಕದಲ್ಲಿ ಹಿರಿಮಗಳು ಶಿಗೆ ಬಿಕ್ಕಿ ಬಿಕ್ಕಿ ಅಳುತ್ತಾಳೆ. ಎಲ್ಲರಿಗಿಂತ ಜೋರಾಗಿ ಅಳುವವಳು ಅವಳೇ. ಅಂತ್ಯಕ್ರಿಯೆ ಮುಗಿದು ಎಲ್ಲರೂ ಊಟಕ್ಕೆ ಕೂತಾಗ, ಅಮ್ಮನ ಕಿಮೋನೋ ನನಗಿರಲಿ ಅಂತ ಕೇಳುವವಳೂ ಅವಳೇ. ಹಾಗಂತ ಅವಳ ಅಳು ಸುಳ್ಳಾ? ಖಂಡಿತ ಅಲ್ಲ. ನಮ್ಮ ಮನೆಗಳಲ್ಲೂ ತಿಥಿ ಮುಗಿಯುವಷ್ಟರಲ್ಲಿ ಅಮ್ಮನ ಬಳೆ, ರೇಷ್ಮೆ ಸೀರೆಯ ಮಾತು ಬರುತ್ತದೆ ಅಲ್ವಾ? ನಿರ್ದೇಶಕ ಯಾಸುಜಿರೋ ಓಜು ಅವಳನ್ನು ಕೆಟ್ಟವಳನ್ನಾಗಿ ಮಾಡುವುದಿಲ್ಲ. ಎರಡನ್ನೂ ನಮ್ಮ ಮುಂದೆ ಇಡುತ್ತಾರೆ, ಅಷ್ಟೇ. ಒಸಾಕಾದಲ್ಲಿರುವ ಮಗ ತಾಯಿ ಹೋದ ಮೇಲೆ ಬಂದು ಮುಟ್ಟುತ್ತಾನೆ. ದೇವಾಲಯದಲ್ಲಿ ಮಂತ್ರದ ಜೊತೆ ಬಾರಿಸುವ ಮರದ ವಾದ್ಯದ ಸದ್ದು ತಡೆಯಲಾಗದೆ ಎದ್ದು ಹೊರಗೆ ಬರುತ್ತಾನೆ. ಅವನ ಕಣ್ಣಲ್ಲಿ ನೀರು ಹುಡುಕಿದರೆ ಸಿಗಲಿಕ್ಕಿಲ್ಲ. ಕೂತಲ್ಲಿ ಕೂರಲಾಗದ ಅವನ ಸಂಕಟ ಮಾತ್ರ ಎದ್ದು ಕಾಣುತ್ತದೆ.

ಈಗ ಆ ಸೆಕೆಯ ಮಾತು. ಒನೊಮಿಚಿ ಎಂಬ ಸಮುದ್ರದ ಪಕ್ಕದ ಊರು. ಬೆಳಗಿನ ಜಾವ ಹೆಂಡತಿ ತೀರಿಕೊಂಡಿದ್ದಾಳೆ. ಮನೆ ತುಂಬ ಮಕ್ಕಳು. ಗಂಡ ಶುಕಿಚಿ ಮಾತ್ರ ಒಳಗಿಲ್ಲ. ಯುದ್ಧದಲ್ಲಿ ಸತ್ತ ಮಗನ ಹೆಂಡತಿ ನೊರಿಕೊ ಹುಡುಕಿಕೊಂಡು ಹೋಗುತ್ತಾಳೆ. ಅವನು ಹೊರಗೆ ಒಬ್ಬನೇ ನಿಂತಿದ್ದಾನೆ. ಬೆಳಗು ಎಷ್ಟು ಚೆನ್ನಾಗಿತ್ತು, ಇವತ್ತೂ ಸೆಕೆ ಇರುತ್ತದೆ ಅನ್ನುತ್ತಾನೆ. ಮನೆ ಕಡೆ ನಡೆಯುತ್ತಾನೆ. ಸೊಸೆ ಎದುರಿಗಿದ್ದಾಳೆ, ಏನಾದರೂ ಹೇಳಲೇಬೇಕು. ಹೇಳಬೇಕಾದ್ದು ಬಾಯಿಗೆ ಬರುವಂಥದ್ದಲ್ಲ. ಸೆಕೆ ಬಾಯಿಗೆ ಬರುತ್ತದೆ. ನಿಮಗೆ ಇದು ಕಲ್ಲುಮನಸ್ಸು ಅನ್ನಿಸಿತು. ನನಗೆ ಅದಕ್ಕಿಂತ ನಿಜವಾದ ಮಾತು ಸಿನಿಮಾದಲ್ಲಿ ಇನ್ನೊಂದು ಸಿಕ್ಕಿಲ್ಲ.

ನಮ್ಮ ದೊಡ್ಡಮ್ಮ ಹೋದಾಗ ದೊಡ್ಡಪ್ಪ ಅತ್ತದ್ದನ್ನು ಯಾರೂ ನೋಡಲಿಲ್ಲ. ನೆಂಟರೆಲ್ಲ ಊರಿಗೆ ಹೊರಟ ಮರುದಿನ ಬೆಳಗ್ಗೆ ಹಾಲಿನವನು ಬಂದ. ದೊಡ್ಡಪ್ಪ ಪಾತ್ರೆ ಹಿಡಿದು ಬಾಗಿಲಿಗೆ ಹೋದರು. “ನಾಳೆಯಿಂದ ಅರ್ಧ ಲೀಟರ್ ಸಾಕಪ್ಪ” ಅಂದರು. ಹಾಲಿನವನು ಹೂಂ ಅಂದ. ಅವರು ಒಳಗೆ ಬಂದು ಹಾಲು ಕಾಯಿಸಲು ಇಟ್ಟರು. ಉಕ್ಕುವವರೆಗೂ ಅದರ ಮುಂದೆಯೇ ನಿಂತಿದ್ದರು. ಆ ಅರ್ಧ ಲೀಟರಿನ ಲೆಕ್ಕದಲ್ಲಿ ನನಗೆ ಕೇಳಿಸಿದ್ದು, ಹಿಂದಿನ ದಿನಗಳ ಯಾವ ಅಳುವಿನಲ್ಲೂ ಕೇಳಿಸಿರಲಿಲ್ಲ.

ಸಾವಾದ ಮನೆಯಲ್ಲಿ ಕೆಲಸ ನಿಲ್ಲುವುದಿಲ್ಲ ಮೇಷ್ಟ್ರೇ. ಯಾರೋ ಒಲೆ ಹಚ್ಚಬೇಕು, ಯಾರೋ ಲೋಟ ತೊಳೆಯಬೇಕು. ಒಳ್ಳೆಯ ನಿರ್ದೇಶಕ ಆ ಕೈಗಳನ್ನು ನೋಡುತ್ತಾನೆ. ಮುಖದ ಹತ್ತಿರ ಕ್ಯಾಮೆರಾ ನುಗ್ಗಿಸುವುದಿಲ್ಲ. ಓಜು ಕ್ಯಾಮೆರಾವನ್ನು ನೆಲಕ್ಕೆ ಹತ್ತಿರ ಇಡುತ್ತಿದ್ದರು, ಅಲ್ಲಾಡಿಸುತ್ತಿದ್ದದ್ದು ತೀರಾ ಅಪರೂಪ. ದುಃಖದ ಮನೆಗೆ ಹೋದವರು ಒಂದು ಮೂಲೆಯಲ್ಲಿ ಕೂತು ನೋಡುವುದೂ ಹಾಗೇ.

ಇದೇ ಓಜು 1949ರಲ್ಲಿ ‘ಲೇಟ್ ಸ್ಪ್ರಿಂಗ್’ ಮಾಡಿದರು. ಒಬ್ಬಳೇ ಮಗಳು, ಅಪ್ಪನನ್ನು ಬಿಟ್ಟು ಹೋಗಲು ಮನಸ್ಸಿಲ್ಲದವಳು. ತಾನೂ ಮತ್ತೆ ಮದುವೆಯಾಗುತ್ತೇನೆ ಅಂತ ಸುಳ್ಳು ಹೇಳಿ ಅಪ್ಪ ಅವಳ ಮದುವೆ ಮಾಡುತ್ತಾನೆ. ಮದುವೆ ಮುಗಿಸಿ ಖಾಲಿ ಮನೆಗೆ ಬಂದು ಕೂತು ಸೇಬು ಸುಲಿಯುತ್ತಾನೆ. ಅಪ್ಪನ ಪಾತ್ರ ಮಾಡಿದ ಚಿಶು ರ್ಯು ಅವರಿಗೆ ಇಲ್ಲಿ ಗೋಳೋ ಅಂತ ಅಳಿ ಅಂತ ಓಜುವೇ ಹೇಳಿದ್ದರಂತೆ. ನನ್ನಿಂದ ಆಗುವುದಿಲ್ಲ ಅಂದರು ರ್ಯು. ಓಜು ಒತ್ತಾಯ ಮಾಡಲಿಲ್ಲ. ಸಿನಿಮಾದಲ್ಲಿ ಈಗ ಇರುವುದು ಇಷ್ಟು: ಸಿಪ್ಪೆ ಉದ್ದಕ್ಕೆ ಇಳಿಯುತ್ತದೆ, ಕೈ ನಿಲ್ಲುತ್ತದೆ, ತಲೆ ಬಾಗುತ್ತದೆ. ಅಲ್ಲಿ ಒಂದು ಬಿಕ್ಕಳಿಕೆ ಸೇರಿಸಿ ನೋಡಿ. ಆ ಒಂಟಿತನ ಆ ಅಪ್ಪನೊಬ್ಬನದಾಗಿ ಉಳಿಯುತ್ತಿತ್ತು. ಮಗಳನ್ನು ಕಳಿಸಿಕೊಟ್ಟ ಎಲ್ಲ ಅಪ್ಪಂದಿರದೂ ಆಗುತ್ತಿರಲಿಲ್ಲ.

ಇದೆಲ್ಲ ಜಪಾನಿನವರ ಸ್ವಭಾವ, ನಮ್ಮದಲ್ಲ ಅನ್ನಬಹುದು ನೀವು. ಹಾಗಾದರೆ 1955ರ ‘ಪಥೇರ್ ಪಾಂಚಾಲಿ’ ನೋಡಿ. ಮಗಳು ದುರ್ಗಾ ಸತ್ತದ್ದು ಗೊತ್ತಿಲ್ಲದೆ ಹರಿಹರ ಊರಿಗೆ ವಾಪಸ್ ಬರುತ್ತಾನೆ. ಚೀಲ ಬಿಚ್ಚಿ ತಂದದ್ದನ್ನೆಲ್ಲ ಒಂದೊಂದಾಗಿ ತೋರಿಸುತ್ತಾನೆ. ಲಟ್ಟಣಿಗೆ ಮಣೆ, ಲಕ್ಷ್ಮಿಯ ಪಟ. ಹೆಂಡತಿ ಸರ್ವಜಯಾ ತುಟಿ ಬಿಚ್ಚುವುದಿಲ್ಲ. ಕೊನೆಗೆ ಮಗಳಿಗೆ ಅಂತ ತಂದ ಸೀರೆ ಅವಳ ಕೈಗೆ ಬರುತ್ತದೆ. ಆಗ ಅವಳು ಕುಸಿಯುತ್ತಾಳೆ. ಬಾಯಿ ತೆರೆದು ಅಳುತ್ತಾಳೆ, ಆದರೆ ದನಿ ನಮಗೆ ಕೇಳಿಸುವುದಿಲ್ಲ. ಸತ್ಯಜಿತ್ ರಾಯ್ ಆ ದನಿ ತೆಗೆದು ತಾರ್ ಶಹನಾಯಿ ಎಂಬ ತಂತಿವಾದ್ಯದ ಎತ್ತರದ ಸ್ವರ ಇಟ್ಟರು. ಬಂಗಾಳದ ಬಡ ಹಳ್ಳಿಯ ತಾಯಿ ಮೇಷ್ಟ್ರೇ, ಪರದೇಶದವಳಲ್ಲ. ನಮ್ಮ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದಲ್ಲಿ, ಬಸಿರಾದಳೆಂದು ಬದುಕಿರುವಾಗಲೇ ಶ್ರಾದ್ಧ ಮಾಡಿಸಿಕೊಂಡ ವಿಧವೆ ಯಮುನಾ ತಲೆ ಬೋಳಿಸಿಕೊಂಡು ಮರದ ಕೆಳಗೆ ಕೂತಿರುತ್ತಾಳೆ. ಅವಳನ್ನು ಹಚ್ಚಿಕೊಂಡಿದ್ದ ಹುಡುಗ ನಾಣಿ ತನ್ನ ಅಪ್ಪನ ಜೊತೆ ಊರು ಬಿಟ್ಟು ಹೋಗುತ್ತಾನೆ. ಆ ಅನ್ಯಾಯದ ಮೇಲೆ ಒಂದು ಭಾಷಣವೂ ಇಲ್ಲ. ಬೇಕೂ ಇಲ್ಲ.

ಪ್ರೀತಿಗೂ ಇದೇ ಮಾತು. ವಾಂಗ್ ಕಾರ್ ವಾಯ್ ಅವರ ‘ಇನ್ ದಿ ಮೂಡ್ ಫಾರ್ ಲವ್’ 2000ದಲ್ಲಿ ಬಂತು. ಕಥೆ ನಡೆಯುವುದು 1962ರ ಹಾಂಗ್‌ಕಾಂಗಿನಲ್ಲಿ. ಅಕ್ಕಪಕ್ಕದ ಬಾಡಿಗೆ ಕೋಣೆಗಳ ಒಬ್ಬ ಗಂಡಸು, ಒಬ್ಬ ಹೆಂಗಸು. ಇವನ ಹೆಂಡತಿಗೂ ಅವಳ ಗಂಡನಿಗೂ ಸಂಬಂಧ ಇದೆ. ಆ ಇಬ್ಬರ ಮುಖವನ್ನು ನಮಗೆ ತೋರಿಸುವುದೇ ಇಲ್ಲ. ಇವಳು ಸಂಜೆ ಡಬ್ಬಿ ಹಿಡಿದು ನೂಡಲ್ಸ್ ತರಲು ಮೆಟ್ಟಿಲಿಳಿಯುತ್ತಾಳೆ, ಅವನು ಎದುರಿಗೆ ಬರುತ್ತಾನೆ. ಒಬ್ಬರಿಗೆ ಸಾಕಾಗುವಷ್ಟು ಊಟ ತರುವ ಹೆಂಗಸಿನ ಒಂಟಿತನಕ್ಕೆ ಬೇರೆ ಡೈಲಾಗ್ ಬೇಕಾ? ಮುಂದೆ ಇವರಿಬ್ಬರೂ ಹತ್ತಿರವಾಗುತ್ತಾರೆ, ತಾವು ಬೇರೆಯಾಗುವುದನ್ನು ಮೊದಲೇ ಆಡಿ ನೋಡುತ್ತಾರೆ. ಅಲ್ಲಿ ಅವಳು ನಿಜವಾಗಿ ಅತ್ತುಬಿಡುತ್ತಾಳೆ.

ನನಗೆ ಸಂಕಟವಾಗುವುದು ನಾವು ದಿನಾ ನೋಡುತ್ತಿರುವುದರ ಬಗ್ಗೆ. ಸೀರಿಯಲ್ಲಿನಲ್ಲಿ ಒಂದು ಕೆಟ್ಟ ಸುದ್ದಿ ಬಂದರೆ ಕ್ಯಾಮೆರಾ ಮೂರು ಸಲ ಮುಖಕ್ಕೆ ನುಗ್ಗುತ್ತದೆ, ಮೂರು ಸಲ ಸಿಡಿಲು ಹೊಡೆಯುತ್ತದೆ. ಸಿನಿಮಾದಲ್ಲಿ ನಟ ಉಸಿರು ಎಳೆದುಕೊಳ್ಳುವ ಮೊದಲೇ ಪಿಟೀಲುಗಳು ಶುರುವಾಗಿ, ಈಗ ಅಳಿ ಅಂತ ನಮಗೆ ಹುಕುಂ ಕೊಡುತ್ತವೆ. ಇದಕ್ಕೆ ಒಗ್ಗಿದವರಿಗೆ ಎದುರುಮನೆಯವರ ಮೌನವೂ ಅರ್ಥವಾಗುವುದಿಲ್ಲ. ಅದಕ್ಕೇ ಅಲ್ವಾ ಮಗನನ್ನು ಕಳೆದುಕೊಂಡ ತಾಯಿಯ ಬಾಯಿಗೆ ಮೈಕ್ ಹಿಡಿದು ‘ಏನನ್ನಿಸುತ್ತಿದೆ ಅಮ್ಮಾ’ ಅಂತ ಕೇಳುವುದು? ಅವಳು ಸುಮ್ಮನಿದ್ದರೆ ಮತ್ತೆ ಕೇಳುತ್ತಾರೆ. ಅತ್ತರೆ ಅದನ್ನೇ ಇಡೀ ದಿನ ತಿರುಗಿಸಿ ತಿರುಗಿಸಿ ಹಾಕುತ್ತಾರೆ. ನೋಡುವವರು ನಾವೇ.

ಇನ್ನೊಂದು ನೋವಿದೆ. 1977ರ ‘ಘಟಶ್ರಾದ್ಧ’ದ ಹಳೆಯ ಪ್ರತಿಯನ್ನು ದುರಸ್ತಿ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಹೆಮ್ಮೆಯ ವಿಷಯ. ಆದರೆ ತಿಪಟೂರಿನ ಕಾಲೇಜು ಹುಡುಗರು ಅದನ್ನು ತಮ್ಮೂರಿನ ದೊಡ್ಡ ತೆರೆಯಲ್ಲಿ ನೋಡುವುದು ಯಾವಾಗ? ಅಂಥ ಸಿನಿಮಾ ಹಾಕಿದರೆ ಯಾರು ಬರುತ್ತಾರೆ ಅಂತ ಥಿಯೇಟರಿನವರು ಕೇಳುತ್ತಾರೆ. ನೋಡಲು ಸಿಗದೆ ರುಚಿ ಹುಟ್ಟುವುದು ಹೇಗೆ ಅಂತ ನಾನು ಕೇಳುತ್ತೇನೆ. ನೀವು ಪಾಠ ಹೇಳಿದವರು, ಊರಿನಲ್ಲಿ ನಿಮ್ಮ ಮಾತಿಗೆ ಬೆಲೆ ಇರುತ್ತದೆ. ಒಂದು ಹಾಲ್, ಒಂದು ಪ್ರೊಜೆಕ್ಟರ್ ಹೊಂದಿಸಿ ಹತ್ತು ಜನರನ್ನು ಕೂರಿಸಿ. ಸಿನಿಮಾ ಆರಿಸಲು ನಾನು ಸಹಾಯ ಮಾಡುತ್ತೇನೆ.

ಅದಕ್ಕೂ ಮೊದಲು ‘ಟೋಕಿಯೋ ಸ್ಟೋರಿ’ಯನ್ನು ಇನ್ನೊಮ್ಮೆ, ಒಂದೇ ಬೈಠಕ್ಕಿನಲ್ಲಿ ನೋಡಿ. ಎರಡು ದಿನಕ್ಕೆ ಹಂಚಿ ನೋಡುವ ಸಿನಿಮಾ ಅಲ್ಲ ಅದು. ಕೊನೆಯಲ್ಲಿ ಮಾವ ತನ್ನ ಹೆಂಡತಿಯ ವಾಚನ್ನು ನೊರಿಕೊಗೆ ಕೊಡುತ್ತಾನೆ, ಇನ್ನೊಂದು ಮದುವೆಯಾಗು ಅನ್ನುತ್ತಾನೆ. ಸತ್ತ ಗಂಡನ ನೆನಪೇ ಬಾರದ ದಿನಗಳೂ ಇವೆ, ನಾನು ನೀವಂದುಕೊಂಡಷ್ಟು ಒಳ್ಳೆಯವಳಲ್ಲ ಅಂತ ಅವಳು ಹೇಳಿಕೊಳ್ಳುತ್ತಾಳೆ. ಹೇಳಿ ಮುಖ ಮುಚ್ಚಿಕೊಂಡು ಅಳುತ್ತಾಳೆ. ನೀವು ಕೇಳಿದ ಅಳು ಅಲ್ಲಿದೆ. ಅದು ಅಲ್ಲಿವರೆಗೆ ಯಾಕೆ ತಡೆಯಿತು ಅಂತ ನೋಡಿ. ಆಮೇಲೂ ಇದರಲ್ಲಿ ಭಾವನೆ ಇಲ್ಲ ಅನ್ನಿಸಿದರೆ ಮತ್ತೆ ಬರೆಯಿರಿ. ಆ ಪತ್ರವನ್ನೂ ಒಂದಕ್ಷರ ಬಿಡದೆ ಅಚ್ಚು ಹಾಕುತ್ತೇವೆ.

- ಸಂಪಾದಕ