ಬೆಂಗಳೂರಿನ ನಮ್ಮ ಪಿಜಿಯಲ್ಲಿ ಇಬ್ಬರಿಗೆ ಮಂಗನಬಾವು ಬಂದಿದೆ. ಚಿಕ್ಕವರಿದ್ದಾಗ ಎಲ್ಲ ಲಸಿಕೆ ಹಾಕಿಸಿದ್ದರೂ ಇದು ಯಾಕೆ ಬರುತ್ತದೆ?

ಆ 'ಎಲ್ಲ ಲಸಿಕೆ'ಯಲ್ಲಿ ಮಂಗನಬಾವಿನದ್ದು ಇರಲೇ ಇಲ್ಲ ಅನ್ನುವ ಸಾಧ್ಯತೆ ಜಾಸ್ತಿ. 2017ರಲ್ಲಿ ಶಾಲೆಯಲ್ಲಿ ಸಾಲಾಗಿ ನಿಲ್ಲಿಸಿ ಚುಚ್ಚಿದ್ದು ನೆನಪಿದೆಯಾ? ಅದು ಎಂಆರ್, ಅಂದರೆ ದಡಾರ ಮತ್ತು ರುಬೆಲ್ಲಾಗೆ ಮಾತ್ರ. ಮಂಗನಬಾವೂ ಸೇರಿರುವುದು ಎಂಎಂಆರ್. ಅದನ್ನು ಹೆಚ್ಚಿನವರು ಖಾಸಗಿ ಕ್ಲಿನಿಕ್‌ನಲ್ಲಿ ದುಡ್ಡು ಕೊಟ್ಟೇ ಹಾಕಿಸಬೇಕಿತ್ತು. ಒಂದಕ್ಷರದ ವ್ಯತ್ಯಾಸ, ಅಪ್ಪ ಅಮ್ಮನಿಗೆ ಗೊತ್ತಾಗದಿದ್ದರೆ ತಪ್ಪೇನಿಲ್ಲ ಬಿಡಿ.

ಎಂಎಂಆರ್ ಹಾಕಿಸಿಕೊಂಡವರಿಗೂ ಒಮ್ಮೊಮ್ಮೆ ಬರುತ್ತದೆ. ಎರಡು ಡೋಸ್ ಆದರೂ ಮಂಗನಬಾವಿನಿಂದ ರಕ್ಷಣೆ ಸುಮಾರು 88%. ಅದೂ ವರ್ಷ ಕಳೆದಂತೆ ಕರಗುತ್ತಾ ಹೋಗುತ್ತದೆ. ಆದರೆ ಲಸಿಕೆ ಆದವರಿಗೆ ಕಾಯಿಲೆ ಸಾಮಾನ್ಯವಾಗಿ ಹಗುರವಾಗಿಯೇ ಮುಗಿಯುತ್ತದೆ.

ಇನ್ನು ಪಿಜಿ. ಒಂದು ಕೋಣೆಯಲ್ಲಿ ಮೂರು ಮಂಚ, ಒಂದೇ ಬಾಟಲಿಗೆ ನಾಲ್ಕು ಬಾಯಿ. ವೈರಸ್ ಇರುವುದೇ ಎಂಜಲಿನಲ್ಲಿ. ಕೆನ್ನೆ ಊದುವ ಒಂದೆರಡು ದಿನ ಮೊದಲೇ ಅದು ಹರಡಲು ಶುರುವಾಗಿರುತ್ತದೆ, ಊದಿದ ಮೇಲೆ ಇನ್ನೂ ಐದು ದಿನ. ಆ ಐದು ದಿನ ಅವರಿಬ್ಬರೂ ಬೇರೆ ಕೋಣೆಯಲ್ಲಿರಲಿ. ಉಪ್ಪಿನಕಾಯಿ ನೆಕ್ಕಿದರೆ ಕಿವಿಯ ಕೆಳಗೆ ಚುಳ್ ಅನ್ನುತ್ತೆ, ಗಂಜಿ, ಮೊಸರನ್ನ ಕೊಡಿ. ಹುಡುಗರಿಗೆ ವೃಷಣ ಊದಿದರೆ ನಾಚಿಕೆ ಬಿಟ್ಟು ಡಾಕ್ಟರ ಹತ್ತಿರ ಹೋಗಲೇಬೇಕು.

ನೀವು ಈಗ ಎಂಎಂಆರ್ ಹಾಕಿಸಿಕೊಳ್ಳಬಹುದು, ನಾಲ್ಕು ವಾರ ಬಿಟ್ಟು ಎರಡನೆಯದು. ಗರ್ಭಿಣಿಯರಿಗೆ, ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಿಗೆ ಇದು ಬೇಡ. ಈಗಾಗಲೇ ಅಂಟಿದ್ದರೆ ಲಸಿಕೆ ಅದನ್ನು ತಡೆಯಲ್ಲ. ಎರಡೂವರೆ ವಾರದ ಹೊತ್ತಿಗೆ ಸಾಮಾನ್ಯವಾಗಿ ಗೊತ್ತಾಗುತ್ತದೆ, ಕೆಲವರಿಗೆ 25 ದಿನವೂ ಹಿಡಿಯಬಹುದು.