ಓದುಗರ ಪ್ರಶ್ನೆ: ಮುರುಡೇಶ್ವರಕ್ಕೆ ಎರಡು ದಿನ

ಪ್ರಶ್ನೆ: ವಯಸ್ಸಾದ ತಾಯಿ, ಇಬ್ಬರು ಮಕ್ಕಳ ಜೊತೆ ಜನವರಿಯಲ್ಲಿ ಕಾರು ಮಾಡಿಕೊಂಡು ಮುರುಡೇಶ್ವರಕ್ಕೆ ಹೊರಟಿದ್ದೇವೆ. ದಾರಿ ಯಾವುದು? ಏನೇನು ನೋಡುವುದು? ಮಕ್ಕಳನ್ನು ನೀರಿಗಿಳಿಸಬಹುದೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಹೊನ್ನಾಳಿ, ಶಿವಮೊಗ್ಗ, ಸಾಗರ, ಗೇರುಸೊಪ್ಪ, ಹೊನ್ನಾವರ ದಾರಿ ಹಿಡಿಯಿರಿ. 250 ಕಿ.ಮೀ. ಮೇಲಾಗುತ್ತದೆ. ಬೆಳಗಿನ ಐದಕ್ಕೇ ಹೊರಟರೆ ಬಿಸಿಲೇರುವ ಮುಂಚೆ ಘಾಟಿ ಇಳಿಯಬಹುದು. ಘಾಟಿಯಲ್ಲಿ ಎರಡನೇ ಗೇರಿನಲ್ಲಿ ಇಳಿಸಿ. ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕಾದು ಹಿಡಿತ ತಪ್ಪುತ್ತದೆ. ಇನ್ನೊಂದು ಮಾತು: ಬೆಣ್ಣೆದೋಸೆ ತಿಂದು ಹೊರಟ ಮಕ್ಕಳು ತಿರುವುಗಳಲ್ಲಿ ವಾಂತಿ ಮಾಡಿಕೊಳ್ಳುವುದು ಹೆಚ್ಚು. ಆ ದಿನ ಇಡ್ಲಿ ಸಾಕು.

ಹೊನ್ನಾವರ ದಾಟಿದ ಮೇಲೆ ಹೆದ್ದಾರಿಯಿಂದ ಒಳಗೆ ಇಡಗುಂಜಿ ಗಣಪತಿ ಇದ್ದಾನೆ. ನಿಂತಿರುವ ಮೂರ್ತಿ, ಎರಡೇ ಕೈ. ಗರಿಕೆ ಒಯ್ಯಿರಿ.

ಮುರುಡೇಶ್ವರದಲ್ಲಿ 123 ಅಡಿಯ ಶಿವನೂ 20 ಅಂತಸ್ತಿನ ರಾಜಗೋಪುರವೂ ಕಂದುಕಗಿರಿಯಲ್ಲಿವೆ. ಸಮುದ್ರ ಮೂರು ಕಡೆಗೂ ಸುತ್ತಿಕೊಂಡಿದೆ. ಗೋಪುರಕ್ಕೆ ಲಿಫ್ಟ್ ಇರುವುದರಿಂದ ತಾಯಿಗೆ ತೊಂದರೆಯಿಲ್ಲ. ಶಿವನ ಮೂರ್ತಿಯ ಬಳಿಗೆ ಮಾತ್ರ ಮೆಟ್ಟಿಲು ಹತ್ತಬೇಕು. ರಜೆಯ ದಿನ ಲಿಫ್ಟ್ ಸಾಲು ಉದ್ದ ಬೆಳೆಯುವುದರಿಂದ ಗೋಪುರವನ್ನು ಬೆಳಿಗ್ಗೆಯೇ ಮುಗಿಸಿ. ಮಧ್ಯಾಹ್ನ ಗುಡಿ ಬಾಗಿಲು ಹಾಕುತ್ತಾರೆ. ಆ ಹೊತ್ತಿಗೆ ಊಟ, ನಿದ್ದೆ.

ನೀರಿನ ವಿಷಯಕ್ಕೆ ನಾವು ಹೇಳುವುದು ಒಂದೇ: ಭದ್ರಾ ನಾಲೆಯಲ್ಲಿ ಈಜಿ ಕಲಿತ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅಕ್ಕಪಕ್ಕ ಅಲೆ ಒಡೆಯುತ್ತಿದ್ದು, ನಡುವೆ ಒಂದು ಪಟ್ಟಿ ಮಾತ್ರ ಸುಮ್ಮನಿದ್ದಂತೆ ಕಂಡರೆ, ದಡಕ್ಕೆ ಬಂದ ನೀರು ಹಿಂದಿರುಗುವ ದಾರಿ ಅದೇ. ಶಾಂತವಾಗಿದೆಯೆಂದು ಇಳಿದವರನ್ನು ಒಳಗೆ ಎಳೆದೊಯ್ಯುತ್ತದೆ. ಸಿಕ್ಕಿಕೊಂಡರೆ ನೇರವಾಗಿ ದಡದ ಕಡೆ ಈಜಿ ಸುಸ್ತಾಗಬೇಡಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಎಳೆತ ತಪ್ಪಿದ ಮೇಲೆ ದಡಕ್ಕೆ ತಿರುಗಿ. ಮಕ್ಕಳಿಗೆ ಮೊಣಕಾಲುದ್ದದ ನೀರೇ ಗಡಿ, ಕೈ ಬಿಡುವಂತಿಲ್ಲ. ಕೆಂಪು ಬಾವುಟ ಹಾರುತ್ತಿದ್ದರೆ ಕಾಲು ತೋಯಿಸುವುದೂ ಬೇಡ.

ಹೊರಡುವ ಮುಂಚೆ ಪಂಚಾಂಗವನ್ನೂ ನೋಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಸಮುದ್ರದ ಭರತ (ಉಬ್ಬರ) ತುಂಬ ಮೇಲೇರುತ್ತದೆ, ಇಳಿತದಲ್ಲಿ ನೀರು ತೀರ ಹಿಂದೆ ಸರಿಯುತ್ತದೆ. ದಿನಕ್ಕೆ ಎರಡು ಭರತ, ಎರಡು ಇಳಿತ. ಮರುದಿನ ಅವು ಸುಮಾರು 50 ನಿಮಿಷ ತಡ. ನಿನ್ನೆ ಆಡಿದ ಮರಳು ಇವತ್ತು ಅದೇ ಹೊತ್ತಿಗೆ ನೀರಿನಡಿ ಇರಬಹುದು. ಬಂಡೆಗಳ ತುದಿಗೆ ಫೋಟೋಗೆ ಹೋದವರು ಮರಳಿ ಬರಲಾಗದೆ ನಿಲ್ಲುವುದು ಹೀಗೆಯೇ. ಸರಿಯಾದ ಹೊತ್ತನ್ನು ದಡದ ಮೀನುಗಾರರು ಹೇಳುತ್ತಾರೆ.

ಪ್ರಶ್ನೆ: ಜುಲೈನಲ್ಲಿ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಡೈವಿಂಗ್ ಮಾಡಬಹುದೇ?
— ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಇಲ್ಲ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ, ನೀರೂ ಕದಡಿರುತ್ತದೆ. ಡಿಸೆಂಬರ್, ಜನವರಿ ಒಳ್ಳೆಯದು. ಈಜು ಬಾರದಿದ್ದರೂ ತರಬೇತುದಾರರ ಜೊತೆ ಇಳಿಯಬಹುದು. ಆದರೆ ನೆಗಡಿ, ಕಿವಿನೋವಿದ್ದರೆ ಬೇಡ: ಕೆಳಗಿಳಿದಂತೆ ಒತ್ತಡ ಹೆಚ್ಚುತ್ತದೆ, ಕಟ್ಟಿದ ಮೂಗಿನಿಂದ ಕಿವಿಯ ಒತ್ತಡ ಸರಿಹೊಂದುವುದಿಲ್ಲ. ಆಸ್ತಮಾ ಇದ್ದವರು ಮೊದಲು ವೈದ್ಯರನ್ನು ಕೇಳಿ.