ಗೇಟ್ ಕೂಗುತ್ತದೆ, ಆಮೇಲೆ?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ರೆಡಿಮೇಡ್ ಬಟ್ಟೆ ಅಂಗಡಿ. ಒಳಗಡೆ ಸೀರೆ ವಿಭಾಗವೂ ಇದೆ. ಹಬ್ಬದ ಸೀಸನ್‌ನಲ್ಲಿ ಜೀನ್ಸ್, ಟಾಪ್, ಲೆಗ್ಗಿಂಗ್ಸ್ ಜಾಸ್ತಿ ಕಳುವಾಗುತ್ತಿವೆ. ಬಿಲ್ ಆಗದ ಮಾಲು ಬಾಗಿಲು ದಾಟಿದರೆ ಕೂಗುವ, ಮಾಲ್‌ಗಳಲ್ಲಿರುವಂಥ ಗೇಟ್ ಹಾಕಿಸೋಣ ಅಂತಿದ್ದೇನೆ. ಡೆಕಥ್ಲಾನ್‌ನಲ್ಲಿ ಬಟ್ಟೆಯನ್ನು ಡಬ್ಬಿಗೆ ಹಾಕಿದ ಕೂಡಲೇ ಬಿಲ್ ಬರುತ್ತದಲ್ಲ, ಆ ಚಿಪ್ ಹಾಕಿಸಿದರೆ ಹೇಗೆ?

ಉತ್ತರ: ನೀವು ಕೇಳಿರುವುದು ಎರಡು ಬೇರೆ ಬೇರೆ ಸಾಮಾನಿನ ಬಗ್ಗೆ. ಬಾಗಿಲಲ್ಲಿ ಕೂಗಿಸುವ ಟ್ಯಾಗ್ ಒಂದು, ಡೆಕಥ್ಲಾನ್‌ನ ಚಿಪ್ ಇನ್ನೊಂದು.

ಕೂಗಿಸುವ ಟ್ಯಾಗ್‌ಗೆ ಬುದ್ಧಿ ಇಲ್ಲ. ಸಾಮಾನ್ಯವಾಗಿ ಸಿಗುವ ಆರ್‌ಎಫ್ (ರೇಡಿಯೊ ಅಲೆಯ) ಟ್ಯಾಗ್ ಒಳಗೆ ಸುರುಳಿ ಸುತ್ತಿದ ತಂತಿ, ಒಂದು ಕೆಪಾಸಿಟರ್, ಅಷ್ಟೇ. ಬ್ಯಾಟರಿ ಇರುವುದಿಲ್ಲ. ಗೇಟ್ 8.2 ಮೆಗಾಹರ್ಟ್ಸ್ ಆಸುಪಾಸಿನ ರೇಡಿಯೊ ಅಲೆ ಬಿಡುತ್ತಿರುತ್ತದೆ. ತಂಬೂರಿಯ ಒಂದು ತಂತಿ ಮೀಟಿದರೆ ಅದೇ ಶ್ರುತಿಯ ಪಕ್ಕದ ತಂತಿಯೂ ಅದುರುತ್ತದಲ್ಲ, ಹಾಗೆ ಟ್ಯಾಗ್ ಆ ಅಲೆಗೆ ಸ್ಪಂದಿಸುತ್ತದೆ. ಗೇಟಿಗೆ ಅದು ತಿಳಿದು ಕೂಗುತ್ತದೆ. ಹೋಗುತ್ತಿರುವುದು ಎರಡು ಸಾವಿರದ ಜೀನ್ಸೋ ಇನ್ನೂರರ ಬನಿಯನ್ನೋ, ಅದಕ್ಕೆ ಗೊತ್ತಾಗುವುದಿಲ್ಲ.

ಇನ್ನೊಂದು ಜಾತಿ 58 ಕಿಲೋಹರ್ಟ್ಸ್‌ನದು, ಎಎಂ (ಅಕೌಸ್ಟೊ-ಮ್ಯಾಗ್ನೆಟಿಕ್) ಅಂತಾರೆ. ಅದರಲ್ಲಿ ತೆಳ್ಳನೆಯ ಲೋಹದ ಪಟ್ಟಿ ಇರುತ್ತದೆ. ಗುಡಿಯ ಗಂಟೆ ಹೊಡೆದು ಬಿಟ್ಟ ಮೇಲೂ ಗುಂಯ್‌ಗುಡುವ ಹಾಗೆ, ಅಲೆ ನಿಂತ ಮೇಲೂ ಆ ಪಟ್ಟಿ ಸ್ವಲ್ಪ ಹೊತ್ತು ಅದುರುತ್ತದೆ. ಗೇಟ್ ಆ ಉಳಿದ ಸದ್ದಿಗೆ ಕಿವಿಗೊಡುತ್ತದೆ. ಅಗಲವಾದ ಬಾಗಿಲಿಗೆ ಇದೇ ವಾಸಿ, ಸುಳ್ಳು ಕೂಗೂ ಕಡಿಮೆ. ಆದರೆ ಖರ್ಚು ಹೆಚ್ಚು. ನಿಮ್ಮ ಬಾಗಿಲು ನಾಲ್ಕೈದು ಅಡಿ ಇದ್ದರೆ ಆರ್‌ಎಫ್ ಸಾಕು. ಒಂದು ಎಚ್ಚರಿಕೆ: ರೋಲಿಂಗ್ ಶಟರ್, ಮಿನುಗುವ ಎಲ್‌ಇಡಿ ಬೋರ್ಡು ಹತ್ತಿರದಲ್ಲಿದ್ದರೆ ಆರ್‌ಎಫ್ ಗೇಟ್ ತಲೆಕೆಟ್ಟವರ ಹಾಗೆ ಆಡುತ್ತದೆ. ನಿಮ್ಮ ಬಾಗಿಲಲ್ಲೇ ಒಂದು ದಿನ ನಿಲ್ಲಿಸಿ ತೋರಿಸಿ ಅಂತ ಮಾರುವವರಿಗೆ ಹೇಳಿ. ಒಪ್ಪದಿದ್ದರೆ ಅವರನ್ನು ಬಿಡಿ.

ಡೆಕಥ್ಲಾನ್‌ನದು ಆರ್‌ಎಫ್‌ಐಡಿ, ಅಂದರೆ ರೇಡಿಯೊ ಅಲೆಯಲ್ಲಿ ತನ್ನ ನಂಬರ್ ತಿಳಿಸುವ ಚಿಪ್. ನಿಮ್ಮ ಕಾರಿನ ಫಾಸ್ಟ್ಯಾಗ್‌ನ ಅಣ್ಣತಮ್ಮ. ನಮ್ಮ ದೇಶದಲ್ಲಿ ಎರಡೂ 865 ಮೆಗಾಹರ್ಟ್ಸ್‌ನಿಂದ ಶುರುವಾಗುವ ರೇಡಿಯೊ ಅಲೆಗಳಲ್ಲೇ ಕೆಲಸ ಮಾಡುತ್ತವೆ. ಇದರಲ್ಲಿ ಪ್ರತಿ ಬಟ್ಟೆಗೂ ಅದರದೇ ನಂಬರ್. ದುಡ್ಡು ಕೊಟ್ಟ ಕೂಡಲೇ ಆ ನಂಬರ್ ‘ಮಾರಿದ್ದು’ ಅಂತ ದಾಖಲಾಗುತ್ತದೆ. ದಾಖಲಾಗದ ನಂಬರ್ ಬಾಗಿಲು ದಾಟಿದರೆ ಅಲಾರಂ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ದೊಡ್ಡ ಕಂಪನಿಗಳು ಇದನ್ನು ತಂದದ್ದು ಮುಖ್ಯವಾಗಿ ಸ್ಟಾಕ್ ಎಣಿಸಲು. ದಿನವಿಡೀ ಹಿಡಿಯುವ ಎಣಿಕೆ ಸ್ವಲ್ಪ ಹೊತ್ತಿನಲ್ಲಿ ಮುಗಿಯುತ್ತದೆ. ಕಳ್ಳತನ ತಡೆಯುವುದು ಅದರ ಬೆನ್ನಿಗೆ ಬಂದ ಲಾಭ. ಒಂದೇ ಅಂಗಡಿಗೆ ಚಿಪ್ ಓದುವ ರೀಡರ್, ಸಾಫ್ಟ್‌ವೇರ್, ಪ್ರತಿ ಬಟ್ಟೆಗೂ ಚಿಪ್ಪಿನ ಚೀಟಿ ಅಂದರೆ ಸದ್ಯಕ್ಕೆ ನಾನು ಬೇಡ ಅನ್ನುತ್ತೇನೆ. ಇನ್ನೆರಡು ಶಾಖೆ ತೆರೆದಾಗ ಕೇಳಿ, ಆಗ ಬೇರೆ ಮಾತು.

ಎಲ್ಲ ಬಟ್ಟೆಗೂ ಟ್ಯಾಗ್ ಬೇಕಿಲ್ಲ. ಟ್ರಯಲ್ ರೂಮಿಗೆ ಹೋಗುವ, ಮಡಚಿದರೆ ಬ್ಯಾಗಿನಲ್ಲಿ ಕೂರುವ, ಸ್ವಲ್ಪ ದುಬಾರಿ ಮಾಲಿಗೆ ಪ್ಲಾಸ್ಟಿಕ್ಕಿನ ಗಟ್ಟಿ ಟ್ಯಾಗ್ ಹಾಕಿ. ಬಿಲ್ ಆದ ಮೇಲೆ ಕೌಂಟರಿನ ಆಯಸ್ಕಾಂತದಲ್ಲಿ ಅದನ್ನು ಬಿಚ್ಚಿ ಮತ್ತೆ ಬಳಸಬಹುದು. ಜೀನ್ಸ್‌ಗೆ ಸೊಂಟದ ಹೊಲಿಗೆ ಹತ್ತಿರ ಚುಚ್ಚಬೇಕು. ರೇಷ್ಮೆಗೆ ಮಾತ್ರ ಪಿನ್ ತಾಗಿಸಲೇಬೇಡಿ, ತೂತು ಉಳಿಯುತ್ತದೆ. ಗಾದಿ ಮೇಲೆ ಕೂರಿಸಿ ತೋರಿಸುವ ಸೀರೆಗೆ ಟ್ಯಾಗ್‌ಗಿಂತ ಲೆಕ್ಕ ಒಳ್ಳೆಯ ಕಾವಲು. ಐದಾರು ಜನ ಒಟ್ಟಿಗೆ ಬಂದು ‘ಅದು ತೋರಿಸಿ, ಇದು ತೋರಿಸಿ’ ಅಂತ ರಾಶಿ ಹಾಕಿಸುವಾಗಲೇ ಸೀರೆ ಹೋಗುವುದು. ತೆಗೆದದ್ದೆಷ್ಟು, ಮಡಚಿಟ್ಟದ್ದೆಷ್ಟು ಅಂತ ಎಣಿಸಲು ಇನ್ನೊಬ್ಬ ಹುಡುಗ ಪಕ್ಕದಲ್ಲಿರಲಿ.

ಇನ್ನು ನಾನು ಪದೇ ಪದೇ ನೋಡಿರುವ ಮಾತು. ಗೇಟ್ ಹಾಳಾಗುವುದು ಕಳ್ಳರಿಂದಲ್ಲ, ಬಿಲ್ಲಿಂಗ್ ಕೌಂಟರಿನಿಂದ. ರಶ್ ಇದ್ದಾಗ ಹುಡುಗರು ಟ್ಯಾಗ್ ಬಿಚ್ಚಲು ಮರೆಯುತ್ತಾರೆ. ದುಡ್ಡು ಕೊಟ್ಟ ಗಿರಾಕಿ ಹೋಗುವಾಗ ಗೇಟ್ ಕೂಗುತ್ತದೆ. ದಿನಕ್ಕೆ ಹತ್ತು ಸಲ ಹೀಗಾದರೆ ಸೆಕ್ಯುರಿಟಿಯವನು ಕೂತಲ್ಲಿಂದಲೇ ಕೈಯಾಡಿಸಿ ‘ಹೋಗಿ ಹೋಗಿ’ ಅನ್ನುತ್ತಾನೆ. ತೋಳ ಬಂತು ತೋಳ ಕಥೆಯೇ. ಒಂದು ಕಡೆ ನಾನೇ ನೋಡಿದೆ, ತಲೆನೋವು ಅಂತ ಗೇಟಿನ ಸ್ವಿಚ್ಚನ್ನೇ ಆರಿಸಿಟ್ಟಿದ್ದರು! ಪ್ರತಿ ಕೂಗನ್ನೂ ಒಂದು ಪುಸ್ತಕದಲ್ಲಿ ಬರೆಸಿ: ಹೊತ್ತು, ಕಾರಣ. ಒಂದು ವಾರದಲ್ಲಿ ತಪ್ಪು ಯಾವ ಕೌಂಟರಿನದು ಅಂತ ನಿಮಗೇ ಗೊತ್ತಾಗುತ್ತದೆ.

ದುಡ್ಡು ಹಾಕುವ ಮುಂಚೆ ಮೂರು ತಿಂಗಳು, ತಿಂಗಳಿಗೊಮ್ಮೆ ಸ್ಟಾಕ್ ಎಣಿಸಿ ನೋಡಿ. ಕಮ್ಮಿ ಬಂದದ್ದೆಲ್ಲ ಗಿರಾಕಿ ಕದ್ದದ್ದೇ ಆಗಿರಬೇಕಿಲ್ಲ. ಮಾಲು ಇಳಿಸುವಾಗಲೇ ಕಮ್ಮಿ ಇರಬಹುದು, ಬಿಲ್ಲಿನಲ್ಲಿ ತಪ್ಪಾಗಿರಬಹುದು, ಒಳಗಿನವರ ಕೈವಾಡವೂ ಇರಬಹುದು. ಹಿಂಬಾಗಿಲಿನಿಂದ ಹೋಗುವ ಮಾಲಿಗೆ ಮುಂಬಾಗಿಲ ಗೇಟ್ ಏನು ಮಾಡೀತು?

ಪ್ರಶ್ನೆ: ಮೈಸೂರಿನ ಒಂದು ಅಂಗಡಿಯಿಂದ ಹೊರಡುವಾಗ ಗೇಟ್ ಕೂಗಿತು. ನಾನು ಏನನ್ನೂ ಕೊಂಡಿರಲಿಲ್ಲ. ಎಲ್ಲರೆದುರು ಬ್ಯಾಗ್ ಸುರಿಸಿದರು, ಅರ್ಧ ಗಂಟೆ ಕೂರಿಸಿದರು. ಹಾಗೆ ಮಾಡಬಹುದಾ?

ಉತ್ತರ: ಬೇಸರದ ವಿಷಯ. ನಿಮ್ಮ ಪರ್ಸಿನ ಒಳಜೇಬು, ಚಪ್ಪಲಿಯ ಅಟ್ಟೆ, ಹೊಸ ಬಟ್ಟೆಯ ಹೊಲಿಗೆ ನೋಡಿ. ಬೇರೆ ಅಂಗಡಿಯವರು ಸರಿಯಾಗಿ ನಿಷ್ಕ್ರಿಯ ಮಾಡದೆ ಬಿಟ್ಟ ತೆಳು ಪಟ್ಟಿಯೋ ಸ್ಟಿಕ್ಕರೋ ಸಿಗಬಹುದು. ಸಿಕ್ಕರೆ ಕತ್ತರಿಸಿ ಬಿಸಾಡಿ.

ಗೇಟ್ ಕೂಗಿದ್ದು ಕಳ್ಳತನಕ್ಕೆ ಸಾಕ್ಷಿಯಲ್ಲ. ‘ಒಂದ್ನಿಮಿಷ ಮೇಡಂ, ಟ್ಯಾಗ್ ಉಳಿದಿರಬೇಕು, ನೋಡ್ತೀವಿ’ ಅಂತ ಕೇಳುವುದು ಸರಿಯಾದ ರೀತಿ. ಮೈ ಮುಟ್ಟಿ ಬಲವಂತದ ತಪಾಸಣೆ ಮಾಡುವ ಹಕ್ಕು ಅಂಗಡಿಯವರಿಗಿಲ್ಲ. ಅಕ್ರಮವಾಗಿ ಕೂಡಿಹಾಕುವುದು ಭಾರತೀಯ ನ್ಯಾಯ ಸಂಹಿತೆಯ 127ನೇ ಸೆಕ್ಷನ್ ಪ್ರಕಾರ ಅಪರಾಧ. ನಿಜವಾಗಿ ಕದ್ದವರ ವಿಷಯದಲ್ಲೂ ಕಾನೂನು ಸ್ವಲ್ಪ ಮೆತ್ತಗಿದೆ. 2024ರ ಜುಲೈ 1ರಿಂದ ಜಾರಿಯಾದ ಈ ಸಂಹಿತೆಯಲ್ಲಿ, 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಕದ್ದು ಮೊದಲ ಸಲ ಶಿಕ್ಷೆಗೆ ಒಳಗಾದವರು ವಸ್ತುವನ್ನೋ ಬೆಲೆಯನ್ನೋ ಹಿಂದಿರುಗಿಸಿದರೆ ಸಮುದಾಯ ಸೇವೆಯ ಶಿಕ್ಷೆ. ನೀವು ದೂರು ಕೊಡುವುದಾದರೆ ಆ ಹೊತ್ತಿನ ಸಿಸಿಟಿವಿ ದೃಶ್ಯ ಉಳಿಸಿಡಿ ಅಂತ ಅಂಗಡಿಗೆ ಇವತ್ತೇ ಲಿಖಿತವಾಗಿ ಕೇಳಿ. ಕೆಲವು ದಿನಗಳಲ್ಲಿ ಹಳೆಯದರ ಮೇಲೆ ಹೊಸದು ದಾಖಲಾಗಿ ಅಳಿಸಿಹೋಗುತ್ತದೆ.

ಪ್ರಶ್ನೆ: ನಮ್ಮ ತಂದೆಯವರಿಗೆ ಪೇಸ್‌ಮೇಕರ್ ಇದೆ. ಈ ಗೇಟುಗಳನ್ನು ದಾಟಬಹುದಾ?

ಉತ್ತರ: ದಾಟಬಹುದು. ಎಂದಿನ ನಡಿಗೆಯಲ್ಲಿ ನಡೆದು ಹೋಗಲಿ. ಅಲ್ಲೇ ನಿಲ್ಲುವುದು, ಗೇಟಿಗೆ ಒರಗುವುದು ಬೇಡ. ಬಿಲ್ ಆಗುವ ತನಕ ಕೂರಲು ಕುರ್ಚಿ ಕೇಳುವಾಗ ಗೇಟಿನ ಪಕ್ಕದ್ದು ಬಿಟ್ಟು ಬೇರೆ ಯಾವುದಾದರೂ ಆದೀತು.